ಕಾಲ್ನಡಿಗೆಯ ಪ್ರವಾಸ: ಕೆಲವು ತಪ್ಪು ಗ್ರಹಿಕೆಗಳು

“ದೇಶ ಸುತ್ತು, ಕೋಶ ಓದು” ಎಂಬ ಗಾದೆಯನ್ನು ನಮ್ಮಲ್ಲಿ ಹೇಳದವರಿಲ್ಲ. ಕೋಶವನ್ನು ಓದುವವರು ಅಷ್ಟಿಷ್ಟು ಉಳಿದಿರುವರು. ದೇಶವನ್ನು ಸುತ್ತುವವರಾದರೋ ವಾಹನದ ಕಿಟಕಿಯಿಂದಲೇ ಅದನ್ನು ಕಂಡು ಹಿಂದಿರುಗುವರು. ಬೆನ್ನಿಗೊಂದು ಚೀಲವನ್ನೇರಿಸಿ ನಾಲ್ಕು ದಿವಸ ನಡೆದುಬರುವೆನೆಂದು ಒಬ್ಬನು ಹೊರಟರೆ ಹಿರಿಯರು ಅವನಿಗೆ ಬುದ್ಧಿ ಕೆಟ್ಟಿತೆನ್ನುವರು. ಕಿರಿಯರು ಅವನನ್ನು ವೀರನೆಂದು ಕೊಂಡಾಡುವರು. ಎರಡು ಎಣಿಕೆಗಳೂ ತಪ್ಪು. ಕಾಲ್ನಡಿಗೆಯ ಪ್ರವಾಸವೆಂಬುದು ತನ್ನ ಅಳವನ್ನು ತಾನರಿತು ನಡೆಸತಕ್ಕ ವ್ರತದಂತಹುದು. ಇದನ್ನರಿಯದೆ ಪ್ರಾಣಹಾನಿಯೂ ಸಂಭವಿಸುತ್ತಿರುವುದರಿಂದ, ವಿದ್ಯಾವಂತರಲ್ಲಿಯೂ ಬೇರೂರಿರುವ ಕೆಲವು ತಪ್ಪು ಗ್ರಹಿಕೆಗಳನ್ನು ವಾಚಕ ಮಹಾಶಯರ ಮುಂದಿಡುವುದು ಅವಶ್ಯವೆಂದು ತೋರಿದೆ.

ಇದು ಪಶ್ಚಿಮ ದೇಶಗಳಿಂದ ಬಂದ ವಿಲಾಸವೆಂಬುದು ಮೊದಲನೆಯ ತಪ್ಪು. ಉತ್ತರ ಕರ್ನಾಟಕದ ರೈತರು ಯುಗಾದಿಯ ಕಾಲಕ್ಕೆ ನಲ್ಲಮಲೆಯ ಕಾಡನ್ನು ದಾಟಿ ಶ್ರೀಶೈಲಕ್ಕೆ ನಡೆದುಹೋಗುವುದು ಯಾವ ಪರದೇಶದವರಿಂದ ಕಲಿತ ವಿದ್ಯೆ? ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ದಿಂಡಿಗಳಲ್ಲಿ ಕನ್ನಡಿಗರಿಲ್ಲವೇ? ಶಿವರಾತ್ರಿಗೆ ಮುಂಚೆ ಬೆಂಗಳೂರಿನಿಂದ ಹೊರಟು, ಚಾರ್ಮಾಡಿಯ ಘಟ್ಟವನ್ನಿಳಿದು, ಸುಮಾರು 300 ಕಿಲೋಮೀಟರ್ ದೂರದ ಧರ್ಮಸ್ಥಳವನ್ನು ಸೇರುವ ಯಾತ್ರಿಕರನ್ನು ಪ್ರತಿವರ್ಷವೂ ಕಾಣುತ್ತೇವೆ. ಬುತ್ತಿಯ ಗಂಟಿನ ಸ್ಥಾನದಲ್ಲಿ ಬೆನ್ನಚೀಲ ಬಂದಿತೇ ಹೊರತು ಪದ್ಧತಿ ನಮ್ಮದೇ.

ನಡಿಗೆಯು ಯುವಕರಿಗೆ ಮಾತ್ರ ತಕ್ಕುದೆಂಬುದು ಎರಡನೆಯದು. 1927ರಲ್ಲಿ ಗಾಂಧೀಜಿಯವರು ಅನಾರೋಗ್ಯದಿಂದ ಬಳಲಿ, ನಮ್ಮ ಯಲಹಂಕದಾಚೆಯ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದರು. ಮೂರೇ ವರ್ಷಗಳ ಮೇಲೆ, 1930ರ ಮಾರ್ಚ್ 12ರಂದು, ಅರವತ್ತರ ವಯಸ್ಸಿನಲ್ಲಿ ಸಾಬರಮತಿಯನ್ನು ಬಿಟ್ಟು ಸುಮಾರು 240 ಮೈಲಿ ನಡೆದು ದಾಂಡಿಯನ್ನು ಸೇರಿದರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಇಪ್ಪತ್ತು ತುಂಬದ ಯುವಕರಾಗಿ ಆ ಸಂಗಡಿಗರಲ್ಲಿದ್ದರು. ಅರವತ್ತು ವರ್ಷದವರೂ ಇಪ್ಪತ್ತು ತುಂಬದವರೂ ಒಂದೇ ದಾರಿಯನ್ನು ಸವೆಸಿದುದು ದಿನಕ್ಕೆ ಹತ್ತು ಹನ್ನೆರಡು ಮೈಲಿಗಳ ಮಿತಿಯನ್ನಿಟ್ಟುಕೊಂಡುದರಿಂದ, ವಾರಕ್ಕೊಂದು ದಿನ ನಿಂತು ದಣಿವಾರಿಸಿಕೊಂಡುದರಿಂದ. ಅಭ್ಯಾಸವೂ ಮಿತಿಯೂ ಇದ್ದರೆ ವಯಸ್ಸು ಅಡ್ಡಬಾರದು. ಅವಿಲ್ಲದಿದ್ದರೆ ಯೌವನವೂ ಕಾಯದು.

ಮೂರನೆಯದು, ಬಹಳ ಹಣವೂ ಬಹಳ ಸಾಮಾನೂ ಬೇಕೆಂಬ ಭ್ರಮೆ. ದಾಂಡಿಗೆ ನಡೆದವರ ಹೆಗಲಚೀಲದಲ್ಲಿದ್ದುದು ಹಾಸಿಗೆ, ಬದಲಿ ಬಟ್ಟೆ, ತಕಲಿ, ದಿನಚರಿ, ನೀರಿನ ಲೋಟ. ಈಗಿನವರು ಅಂಗಡಿಯಲ್ಲಿ ದೊಡ್ಡ ಚೀಲವನ್ನು ಕೊಳ್ಳುವರು. ಚೀಲ ದೊಡ್ಡದಾದಷ್ಟೂ ಅದನ್ನು ತುಂಬುವ ಚಪಲವೂ ದೊಡ್ಡದಾಗುವುದು. ಹೊರೆಯು ಮೈತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಅನುಭವಿಗಳ ಲೆಕ್ಕ. 60 ಕಿಲೋ ತೂಗುವವನಿಗೆ 12 ಕಿಲೋ ಮೇರೆ, ಅದಕ್ಕಿಂತ ಕಡಮೆಯಾದರೆ ಲೇಸು. ಭಾರದ ಪದಾರ್ಥಗಳು ಬೆನ್ನಿಗೆ ಹತ್ತಿರವಿರಬೇಕು. ಸೊಂಟದ ಪಟ್ಟಿಯನ್ನು ಬಿಗಿದರೆ ಹೊರೆಯ ಬಹುಭಾಗ ಹೆಗಲಿನಿಂದ ಸೊಂಟಕ್ಕಿಳಿಯುವುದು. ಹೊಸ ಜೋಡನ್ನು ಮೆಟ್ಟಿ ಹೊರಟವನ ಪ್ರವಾಸವು ಬೊಬ್ಬೆಗಳಲ್ಲಿ ಮುಗಿಯುವುದು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ನಾಲ್ಕನೆಯದೇ ಘೋರವಾದುದು: ಕಾಡಿನಲ್ಲಿ ಭಯವೆಂದರೆ ಹುಲಿ, ಹಾವುಗಳೆಂಬ ನಂಬಿಕೆ. ನಡೆಯುವವನನ್ನು ಹೆಚ್ಚಾಗಿ ಕಾಡುವ ಶತ್ರುಗಳು ಬಿಸಿಲು, ಬಾಯಾರಿಕೆ, ಮಳೆ, ಚಳಿ, ತಡವಾಗಿ ಹೊರಡುವ ಅಭ್ಯಾಸ. 2024ರ ಜೂನ್ ಮೊದಲ ವಾರದಲ್ಲಿ ಬೆಂಗಳೂರಿನಿಂದ ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ ತಂಡದವರು ಹಿಮಗಾಳಿಗೆ ಸಿಕ್ಕಿ, ಒಂಬತ್ತು ಮಂದಿ ಅಸುನೀಗಿದರು. ಅವರಲ್ಲಿ ಪಳಗಿದವರೂ ಇದ್ದರು. ಮೃತರನ್ನು ದೂಷಿಸುವುದು ನಮಗೆ ಸಲ್ಲದು. ಆದರೆ ಆ ಮನೆಗಳ ದುಃಖದಿಂದ ಉಳಿದವರು ಕಲಿಯಬೇಕಾದುದುಂಟು. ಚಳಿಯು ಕೊಲ್ಲಲು ನೀರು ಹೆಪ್ಪುಗಟ್ಟುವಷ್ಟು ಶೀತವೇ ಬೇಕಿಲ್ಲ. ಒದ್ದೆ ಬಟ್ಟೆಯೂ ಬೀಸುಗಾಳಿಯೂ ಕೂಡಿದರೆ ಮೈಯ ಕಾವು ಹರಿದುಹೋಗುವುದು. ನೆನೆದ ಹತ್ತಿಯ ಬಟ್ಟೆ ಕಾವನ್ನು ಹೀರುವುದು, ಉಣ್ಣೆಯಾದರೆ ಕೊಂಚ ಉಳಿಸುವುದು. ತೊದಲುಮಾತು, ತೂರಾಡುವ ನಡಿಗೆ ಕಂಡರೆ ಅದು ಅಪಾಯದ ಗುರುತು. ಇನ್ನೊಂದು ಮಾತು: ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ 2,000 ಮೀಟರನ್ನು ಮುಟ್ಟುವುದಿಲ್ಲ. ಎತ್ತರದ ಬೇನೆ ಸಾಮಾನ್ಯವಾಗಿ ತೋರುವುದು 2,500 ಮೀಟರಿನ ಮೇಲೆ. ಆದುದರಿಂದ ನಮ್ಮ ಬೆಟ್ಟಗಳನ್ನೆಲ್ಲ ಹತ್ತಿ ಬಂದವನಿಗೂ ಹಿಮಾಲಯದ ಗಾಳಿ ಹೊಸದೇ. ಅಲ್ಲಿ ಬಲಶಾಲಿಗೂ ರಿಯಾಯಿತಿಯಿಲ್ಲ. ಮೆಲ್ಲನೆ ಏರುವುದು, ಲಕ್ಷಣ ಕಂಡೊಡನೆ ಇಳಿಯುವುದು, ಇವೆರಡೇ ರಕ್ಷೆ. ಶಿಖರವನ್ನು ಮುಟ್ಟದೆ ಹಿಂದಿರುಗಿದವನನ್ನು ಹೇಡಿಯೆನ್ನುವ ಚಾಳಿಯನ್ನು ನಾವು ಬಿಡಬೇಕು.

ಐದನೆಯದು, ದೂರ ಹೋದಲ್ಲದೆ ಪ್ರವಾಸವಾಗದೆಂಬುದು. ಎಲ್ಲರೂ ಒಂದೇ ಹೆಸರಾಂತ ಬೆಟ್ಟಕ್ಕೆ ನುಗ್ಗುವುದರ ಫಲವನ್ನು 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಕಂಡೆವು. ಸಾವಿರಾರು ಮಂದಿ ಒಮ್ಮೆಲೇ ನೆರೆದುದರಿಂದ ಸರ್ಕಾರವು ಚಾರಣಕ್ಕೇ ತಡೆಯೊಡ್ಡಬೇಕಾಯಿತು. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ 1915ರಲ್ಲಿ ತೆರೆದ ರೈಲುದಾರಿಯಲ್ಲಿ ನಂದಿ ಹಾಲ್ಟ್ ಎಂಬ ಪುಟ್ಟ ನಿಲ್ದಾಣವುಂಟು. ಅಲ್ಲಿಳಿದು ಭೋಗನಂದೀಶ್ವರನ ಗುಡಿಗೆ ನಡೆದು ಬರುವುದಕ್ಕೆ ಯಾವ ಸಾಹಸವೂ ಬೇಡ. ಸುಲ್ತಾನಪೇಟೆಯ ಕಡೆಯಿಂದ ಬೆಟ್ಟಕ್ಕೆ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳ ಹಳೆಯ ದಾರಿಯೂ ಇದೆ. ಅಪ್ಪಣೆಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳಿತು. ಹಿಮಾಲಯದ ಕನಸನ್ನು ಕಾಣುವವರು ಮೊದಲು ಇಲ್ಲಿ ಚೀಲವನ್ನು ಹೊತ್ತು ತಮ್ಮ ಮೊಣಕಾಲುಗಳನ್ನು ಪರೀಕ್ಷಿಸಿಕೊಳ್ಳಲಿ.

ಕಡೆಯದಾಗಿ ಅಧಿಕಾರಿ ವರ್ಗದವರಿಗೆ ಒಂದು ವಿಜ್ಞಾಪನೆ. ನಡೆಯುವ ಅಭ್ಯಾಸವು ಬೆಟ್ಟದಲ್ಲಿ ಹುಟ್ಟುವುದಲ್ಲ, ಮನೆಯ ಬಾಗಿಲಲ್ಲಿ ಹುಟ್ಟುವುದು. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ರಸ್ತೆಯನ್ನು ದಾಟಬೇಕಾದ ಮುದುಕನ ಪಾಡನ್ನು ತಾವು ಒಮ್ಮೆ ನಡೆದೇ ನೋಡಬೇಕು. ಯಲಹಂಕ ಕೆರೆಯ ಕೋಡಿನೀರು ಜಕ್ಕೂರಿಗೂ, ಅಲ್ಲಿಂದ ರಾಚೇನಹಳ್ಳಿಗೂ ಹರಿಯುವುದು. ನೀರಿಗೆ ಹಿರಿಯರು ಮಾಡಿಕೊಟ್ಟ ಆ ಹಾದಿಯ ಪಕ್ಕದಲ್ಲಿಯೇ ಕೆರೆಯಿಂದ ಕೆರೆಗೆ ಮನುಷ್ಯನೂ ಅಡೆತಡೆಯಿಲ್ಲದೆ ನಡೆಯುವಂತೆ ಒಂದು ಕಾಲುದಾರಿಯನ್ನು ಕೂಡಿಸಿಕೊಟ್ಟರೆ, ಅದು ಉತ್ತರ ಬೆಂಗಳೂರಿನ ಮಕ್ಕಳಿಗೂ ವೃದ್ಧರಿಗೂ ಏಕಪ್ರಕಾರವಾದ ಪಾಠಶಾಲೆಯಾಗುವುದು. ಅಂತಹ ದಾರಿಯಲ್ಲಿ ದಿನವೂ ನಡೆದು ತಮ್ಮ ಅಳವನ್ನು ಅರಿತವರು, ಪರ್ವತಕ್ಕೆ ಹೋದರೂ ಸುಖವಾಗಿ ಮನೆಗೆ ಮರಳುವರು.