ಗಾಜಿನ ತೊಟ್ಟಿಯಲ್ಲಿ ಓಡಲು ಜಾಗವಿಲ್ಲ

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಆಪಾರ ಹಿರಿಯ ಮಗ ಕಳೆದ ಶಅಬಾನ್ ತಿಂಗಳಲ್ಲಿ ಮೊಳಕಾಲ್ಮುರಿನ ಮನೆಗೆ ಒಂದು ಅಕ್ವೇರಿಯಂ ತಂದ. ನಮ್ಮ ಕಡೆಯ ಮನೆಗಳಲ್ಲಿ ಕಾಣಸಿಗುವ ಗೋಲ್ಡ್ ಫಿಶ್ ತೊಟ್ಟಿಯಲ್ಲ. ಸಮುದ್ರದ ಮೀನು ಸಾಕುವ, 75 ಲೀಟರಿನ ಉಪ್ಪುನೀರಿನ ತೊಟ್ಟಿ. ನೀರು ಹದಗೊಳ್ಳಲೆಂದು ತಿಂಗಳಿಗೂ ಹೆಚ್ಚು ಕಾಲ ಅದನ್ನು ಮೀನಿಲ್ಲದೆ ಓಡಿಸಿದರು. ರಮಝಾನ್ ಹಬ್ಬಕ್ಕೆ ಮೊದಲ ಮೀನು ಬಂತು. ಕಪ್ಪು ಮೈಮೇಲೆ ಮೂರು ಬಿಳಿ ಚುಕ್ಕೆಗಳ ಪುಟ್ಟ ಡಾಮಿನೊ. ಎರಡು ವಾರಗಳ ನಂತರ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನು, ಒಂದು ಕಪ್ಪು ಬಿಳಿ ಪಟ್ಟೆಯ ಡ್ಯಾಮ್ಸೆಲ್, ಒಂದು ಫೈರ್ ಫಿಶ್ ಬಂದವು. "ಎಲ್ಲ ಒಟ್ಟಿಗೆ ಇರುತ್ತವೆ" ಎಂದು ಅಂಗಡಿಯವನು ಹೇಳಿ ಕಳಿಸಿದ್ದನಂತೆ.

ಬಕ್ರೀದ್‌ಗೆ ಎರಡು ದಿನ ಇರುವಾಗ ಆಪಾ ಫೋನ್ ಮಾಡಿದರು.

"ಡಾಮಿನೊ ಒಂದೇ ಉಳಿದಿದೆ. ಹೊತ್ತು ಹೊತ್ತಿಗೆ ಆಹಾರ ಹಾಕಿದ್ದೀನಿ, ನೀರು ಬದಲಾಯಿಸಿದ್ದೀನಿ. ಅವೇ ಹೊಡೆದಾಡಿ ಸತ್ತರೆ ಅದರ ಗುನಾಹ್ ನನ್ನ ಮೇಲೆ ಬರುತ್ತಾ? ನೀನು ಓದಿದವಳು, ಹೇಳು."

ಮದ್ರಸಾದಲ್ಲಿ ಓದಿದ್ದು, ಕಾಲೇಜಿನಲ್ಲಿ ಓದಿದ್ದು ಎರಡರಲ್ಲೂ ಮೀನಿನ ಜಗಳದ ಪಾಠ ಇರಲಿಲ್ಲ. ಮೀನುಗಳು ಏಕೆ ಹೊಡೆದಾಡುತ್ತವೆ ಎಂದು ತಿಳಿಯದೆ ಉತ್ತರ ಹೇಳುವಂತಿರಲಿಲ್ಲ. ಹಬ್ಬ ಕಳೆದ ಮೇಲೆ ಒಂದಿಷ್ಟು ಓದಿಕೊಂಡು ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಬಸ್ಸು ಹತ್ತಿದೆ.

ಬದುವಿನ ಜಗಳ

ಇವು ಹವಳದ ದಿಬ್ಬಗಳ ಮೀನುಗಳು. ಅಲ್ಲಿ ನೀರು ಬೇಕಾದಷ್ಟಿದೆ, ಆದರೆ ಅಡಗಲು ಒಳ್ಳೆಯ ಬಿಲ ಸಿಗುವುದು ಕಷ್ಟ. ಆದ್ದರಿಂದ ಒಂದೊಂದು ಮೀನೂ ತನ್ನ ಬಿಲದ ಸುತ್ತ ಒಂದು ಗಡಿ ಹಾಕಿಕೊಂಡು ಕಾಯುತ್ತದೆ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಈ ಮೀನುಗಳನ್ನು ಸಮುದ್ರದಲ್ಲೂ ತೊಟ್ಟಿಯಲ್ಲೂ ಗಮನಿಸಿದ್ದರು. ಅವು ಬೇರೆ ಜಾತಿಯ ಮೀನಿಗಿಂತ ತಮ್ಮದೇ ಜಾತಿಯ ಮೀನಿನ ಮೇಲೆ ಹೆಚ್ಚು ಎರಗುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ.

ಕಾರಣ ಸರಳ. ತನ್ನಂತೆಯೇ ಇರುವ ಮೀನಿಗೆ ತನ್ನದೇ ಆಹಾರ, ತನ್ನದೇ ಬಿಲ ಬೇಕು. ನಮ್ಮ ಶೇಂಗಾ ಹೊಲಗಳಲ್ಲಿ ಬದುವಿನ ಜಗಳ ನಡೆಯುವುದು ಪಕ್ಕದ ಹೊಲದ ದಾಯಾದಿಯ ಜೊತೆ, ದಾರಿಹೋಕನ ಜೊತೆ ಅಲ್ಲವಲ್ಲ!

ಆಪಾರ ತೊಟ್ಟಿಯಲ್ಲಿದ್ದ ಡಾಮಿನೊ, ಪಟ್ಟೆ ಡ್ಯಾಮ್ಸೆಲ್, ಕ್ಲೌನ್ ಮೂರೂ ಒಂದೇ ಕುಟುಂಬದ ಮೀನುಗಳು. ಸಮುದ್ರದಲ್ಲಿ ಅನಿಮೋನ್ ಎಂಬ ಹೂವಿನಂಥ ಜೀವಿಯ ಎಸಳುಗಳ ನಡುವೆ ಕ್ಲೌನ್ ಮೀನು ಮನೆ ಮಾಡುತ್ತದೆ. ಮರಿ ಡಾಮಿನೊ ಕೂಡ ಅಲ್ಲೇ ಆಶ್ರಯ ಹುಡುಕುತ್ತದೆ. ಮೊದಲೇ ಪೈಪೋಟಿ ಇದ್ದವರನ್ನು ಒಂದೇ ಕೋಣೆಗೆ ಹಾಕಿದಂತಾಗಿತ್ತು.

ಸಮುದ್ರದಲ್ಲಾದರೆ ಸೋತ ಮೀನು ನಾಲ್ಕು ಮಾರು ದೂರ ಓಡುತ್ತದೆ, ಗೆದ್ದದ್ದು ತನ್ನ ಬಿಲಕ್ಕೆ ಮರಳುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ತೊಟ್ಟಿಯಲ್ಲಿ ಓಡಿದರೆ ಎದುರಿಗೆ ಗಾಜು. ಸೋತದ್ದು ಕಣ್ಣೆದುರಿಗೇ ಇರುವುದರಿಂದ ಗೆದ್ದದ್ದು ಮತ್ತೆ ಮತ್ತೆ ಬೆನ್ನಟ್ಟುತ್ತದೆ. ಆಪಾರ ಮನೆಯ ಫೈರ್ ಫಿಶ್ ಸಿಕ್ಕಿದ್ದು ತೊಟ್ಟಿಯ ಹಿಂದೆ, ನೆಲದ ಮೇಲೆ. ಹೆದರಿದಾಗ ನೀರಿನಿಂದ ಹಾರುವುದು ಅದರ ಸ್ವಭಾವ. ಮುಚ್ಚಳ ಇರಲಿಲ್ಲ.

ಮೊದಲು ಬಂದವರು ಯಾರು?

ಇನ್ನೊಂದು ತಪ್ಪೂ ಆಗಿತ್ತು. ಎಲ್ಲಕ್ಕಿಂತ ಜಗಳಗಂಟ ಮೀನನ್ನು ಎಲ್ಲಕ್ಕಿಂತ ಮೊದಲು ಬಿಟ್ಟಿದ್ದರು. ಡಾಮಿನೊ ಎರಡು ವಾರಗಳಲ್ಲಿ ಇಡೀ ತೊಟ್ಟಿಯನ್ನೇ ತನ್ನದಾಗಿಸಿಕೊಂಡಿತ್ತು. ಆಮೇಲೆ ಬಂದವೆಲ್ಲ ಅದರ ಪಾಲಿಗೆ ಅತಿಕ್ರಮಣಕಾರರು. ಸೌಮ್ಯ ಮೀನು ಮೊದಲು, ಗಡಿ ಕಾಯುವ ಮೀನು ಕೊನೆಗೆ ಎಂಬುದು ಸಾಕುವವರ ನಿಯಮ. ಅಲ್ಲದೆ ಬೆಳೆದ ಡಾಮಿನೊ 14 ಸೆಂ.ಮೀ. ಮುಟ್ಟಬಹುದು. ಸಣ್ಣ ತೊಟ್ಟಿಗೆ ಅದು ತಕ್ಕುದಲ್ಲ.

ಜಗಳವೇ ಬೇರೆ, ಬೇಟೆಯೇ ಬೇರೆ. ಲಯನ್ ಫಿಶ್ ಯಾರನ್ನೂ ಬೆನ್ನಟ್ಟುವುದಿಲ್ಲ. ಶಾಂತವಾಗಿ ನಿಂತು, ಬಾಯಿಗೆ ಹಿಡಿಸುವ ಮೀನನ್ನು ನುಂಗಿಬಿಡುತ್ತದೆ. 2003ರ 'ಫೈಂಡಿಂಗ್ ನೀಮೊ' ಚಿತ್ರ ನೋಡಿದ ಮಕ್ಕಳು ಕೇಳುವ ನೀಲಿ ಟ್ಯಾಂಗ್ ಮೀನು 30 ಸೆಂ.ಮೀ. ವರೆಗೆ ಬೆಳೆಯುತ್ತದೆ. ಅದರ ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿದೆ. ಅಂಗಡಿಯಲ್ಲಿ ಮರಿಯನ್ನು ನೋಡಿ ಮರುಳಾಗಬಾರದು.

ಹೊಂದಿ ಬಾಳುವವು

ಹೊಂದಿಕೆಗೂ ಸಮುದ್ರದಲ್ಲಿ ಉದಾಹರಣೆಗಳಿವೆ. ಗೋಬಿ ಎಂಬ ಸಣ್ಣ ಮೀನೂ ಒಂದು ಬಗೆಯ ಸೀಗಡಿಯೂ ಒಂದೇ ಬಿಲದಲ್ಲಿ ವಾಸಿಸುತ್ತವೆ. ಸೀಗಡಿಗೆ ಕಣ್ಣು ಮಂದ, ಆದರೆ ಬಿಲ ತೋಡುವುದರಲ್ಲಿ ಗಟ್ಟಿಗ. ಗೋಬಿ ಬಾಗಿಲಲ್ಲಿ ನಿಂತು ಕಾಯುತ್ತದೆ. ಸೀಗಡಿ ತನ್ನ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಹೊರಬರುತ್ತದೆ. ಅಪಾಯ ಕಂಡು ಗೋಬಿ ಬಾಲ ಅಲುಗಿಸಿದರೆ ಒಳಗೆ ಸರಿಯುತ್ತದೆ. ಅಲ್ಲಾಹನ ಸೃಷ್ಟಿಯ ಸೋಜಿಗ!

ಕ್ಲೌನ್ ಮೀನುಗಳ ಸಂಸಾರ ಇನ್ನೂ ವಿಚಿತ್ರ. ಅವು ಮೊದಲು ಗಂಡಾಗಿಯೇ ಬೆಳೆಯುತ್ತವೆ. ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ದೊಡ್ಡದು ಕ್ರಮೇಣ ಹೆಣ್ಣಾಗಿ ಮಾರ್ಪಟ್ಟು ಜೋಡಿಯಾಗುತ್ತವೆ. ಸಣ್ಣ ತೊಟ್ಟಿಗೆ ಮೂರನೆಯದನ್ನು ತಂದರೆ ಮಾತ್ರ ಅದಕ್ಕೆ ಉಳಿಗಾಲವಿಲ್ಲ.

ತೊಟ್ಟಿ ಇಡುವ ಮನೆಗಳಿಗೆ

ಮಕ್ಕಳು ಹಟ ಮಾಡಿ ತರಿಸಿದರೂ ಕೊನೆಗೆ ಮೀನು ನೋಡಿಕೊಳ್ಳುವವರು ಮನೆಯ ತಾಯಂದಿರೇ. ಅವರಿಗಾಗಿ ಕೆಲವು ಮಾತುಗಳು:

* 75 ಲೀಟರ್ ತೊಟ್ಟಿಗೆ ಮೂರು ಸಣ್ಣ ಮೀನು ಸಾಕು. ಬಣ್ಣ, ಆಕಾರ, ಜಾತಿ ಬೇರೆ ಬೇರೆ ಇರಲಿ. ಕ್ಲೌನ್ ಜೋಡಿಗೆ ಒಂದು ಗೋಬಿ ಹೊಂದುತ್ತದೆ.

* ಮೀನಿನ ಸಂಖ್ಯೆಗಿಂತ ಹೆಚ್ಚು ಅಡಗುತಾಣಗಳಿರುವಂತೆ ಕಲ್ಲು ಜೋಡಿಸಿ. ತೊಟ್ಟಿಗೆ ಮುಚ್ಚಳ ಇರಲಿ.

* ಹೊಸ ಮೀನು ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿ. ಹಳೆಯ ಗಡಿಗಳು ಅಳಿಸಿಹೋಗುತ್ತವೆ. ಹಳೆಯ ಮೀನಿಗೆ ಹೊಟ್ಟೆ ತುಂಬ ಹಾಕಿ, ದೀಪ ಆರಿಸಿ ಬಿಡಿ. ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಲವು ದಿನ ತೊಟ್ಟಿಯೊಳಗೇ ಇಟ್ಟು ಪರಿಚಯ ಮಾಡಿಸಿದರೆ ಇನ್ನೂ ಒಳ್ಳೆಯದು.

* ಒಂದು ಮೀನು ಮೂಲೆ ಹಿಡಿದಿದ್ದರೆ, ಆಹಾರಕ್ಕೆ ಬಾರದಿದ್ದರೆ, ರೆಕ್ಕೆ ಹರಿದಿದ್ದರೆ ಅದು ಏಟು ತಿನ್ನುತ್ತಿದೆ ಎಂದರ್ಥ. "ಹೊಂದಿಕೊಳ್ಳುತ್ತದೆ ಬಿಡು" ಎಂದು ಕಾಯಬೇಡಿ. ಅಂದೇ ಬೇರ್ಪಡಿಸಿ.

* ನಮ್ಮ ಚಳ್ಳಕೆರೆ, ಮೊಳಕಾಲ್ಮುರು ತಾಲೂಕುಗಳ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಬೇರೆ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ಆರ್‌ಓ ನೀರಿಗೆ ಅಕ್ವೇರಿಯಂ ಸಮುದ್ರ ಉಪ್ಪನ್ನು ಬೆರೆಸಿ. ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ನಡೆಯದು. ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ತಗ್ಗಿದಷ್ಟನ್ನು ಸಿಹಿನೀರಿನಿಂದಲೇ ತುಂಬಿ.

* ಕಡಲ ಕುದುರೆ, ಹವಳ ಕೊಳ್ಳಬೇಡಿ. 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸಮುದ್ರದಲ್ಲಿ ಹಿಡಿದ ಮೀನಿಗಿಂತ ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿದ ಕ್ಲೌನ್ ಮೀನು ತೊಟ್ಟಿಗೆ ಬೇಗ ಒಗ್ಗುತ್ತದೆ.

ಆಪಾರ ಪ್ರಶ್ನೆ

ಪ್ರಾಣಿ ಸಾಕುವುದು ತಪ್ಪಲ್ಲ. ಅಬೂ ಉಮೈರ್ ಎಂಬ ಬಾಲಕ ಪುಟ್ಟ ಹಕ್ಕಿಯೊಂದನ್ನು ಸಾಕಿದ್ದ. ಪ್ರವಾದಿ(ಸ) ಅವನನ್ನು ಕಂಡಾಗ ಆ ಹಕ್ಕಿಯ ಬಗ್ಗೆ ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಬೆಕ್ಕನ್ನು ಕೂಡಿಹಾಕಿ ಕೊಂದ ಮಹಿಳೆ ಶಿಕ್ಷೆಗೊಳಗಾದ ಹದೀಸ್ ಕೂಡ ನಮಗೆಲ್ಲ ಗೊತ್ತು. ಆಕೆ ಅದಕ್ಕೆ ತಿನ್ನಲು ಕೊಡಲಿಲ್ಲ ಎಂಬುದನ್ನು ನಾವು ನೆನಪಿಟ್ಟುಕೊಂಡಿದ್ದೇವೆ. ತಾನಾಗಿ ಹುಡುಕಿ ತಿನ್ನಲು ಹೊರಗೆ ಬಿಡಲೂ ಇಲ್ಲ ಎಂಬ ಇನ್ನೊಂದು ಭಾಗವನ್ನು ಮರೆಯುತ್ತೇವೆ. ಹೊರಹೋಗುವ ದಾರಿ ಮುಚ್ಚಿದವರ ಮೇಲೆ ಆ ಜೀವದ ಪೂರ್ತಿ ಹೊಣೆ ಬೀಳುತ್ತದೆ. ಅದು ಅಮಾನತು. ಹೊಟ್ಟೆಗೆ ಹಾಕಿದರಷ್ಟೇ ಮುಗಿಯಲಿಲ್ಲ.

ಪ್ರಾಣಿಗಳನ್ನು ಪರಸ್ಪರ ಕಾದಾಡಿಸುವುದನ್ನು ಪ್ರವಾದಿ(ಸ) ತಡೆದರೆಂಬ ವರದಿ ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿದೆ. ಕೋಳಿ ಪಂದ್ಯದ ಕಡೆ ತಲೆ ಹಾಕದ ನಾವು, ಹೊಂದದ ಮೀನುಗಳನ್ನು ಗಾಜಿನೊಳಗೆ ಕೂಡಿಹಾಕಿ ಹಾಲ್‌ನಲ್ಲಿ ಕೂತು ನೋಡುತ್ತಿದ್ದರೆ ಅದಕ್ಕೇನೆನ್ನಬೇಕು? ಆಪಾರ ಊರಿನ ತಾಲೂಕಿನಲ್ಲೇ ಬ್ರಹ್ಮಗಿರಿಯ ಬಂಡೆಯಿದೆ. ಜೀವಿಗಳ ಮೇಲಿನ ದಯೆ ದೃಢವಾಗಿರಬೇಕೆಂದು ಕ್ರಿ.ಪೂ. 3ನೇ ಶತಮಾನದಲ್ಲೇ ಅಶೋಕ ಅಲ್ಲಿ ಕೆತ್ತಿಸಿದ್ದಾನೆ.

"ಆಪಾ, ತಿಳಿಯದೆ ಆದದ್ದಕ್ಕೆ ಅಲ್ಲಾಹನು ಕ್ಷಮಿಸುವವನು. ಇನ್ನು ಮುಂದೆ ಮಾತ್ರ ತಿಳಿಯದು ಎನ್ನುವಂತಿಲ್ಲ" ಎಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ವಾರ ಮಗನನ್ನು ಕರೆಸಿ, ಬೆಂಗಳೂರಿನಲ್ಲಿ ದೊಡ್ಡ ತೊಟ್ಟಿ ಇರುವವರೊಬ್ಬರಿಗೆ ಡಾಮಿನೊವನ್ನು ಕೊಡಿಸಿದರು. ಕಲ್ಲು ಜೋಡಿಸಿ, ಮುಚ್ಚಳ ಮಾಡಿಸಿ, ಈಗ ಎರಡು ಕ್ಲೌನ್ ಮರಿಗಳನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಕಿರಿಯ ಮಗ ಇನ್ನೊಂದು ಮೀನು ಕೇಳಿದರೆ "ಅವಕ್ಕೆ ಓಡಲು ಜಾಗ ಎಲ್ಲಿದೆ, ನೀನು ತೋರಿಸು" ಎನ್ನುತ್ತಾರಂತೆ.

ಮೊನ್ನೆ ಫೋನಿನಲ್ಲಿ ನಗುತ್ತಾ ಹೇಳಿದರು: "ದೊಡ್ಡದು ಸಣ್ಣದನ್ನು ಅಂಕೆಯಲ್ಲಿ ಇಟ್ಟಿದೆ, ಆದರೆ ಹೊಡೆಯುತ್ತಿಲ್ಲ. ಅದು ಹೆಣ್ಣಾಗುತ್ತಿದೆ ಅಂತ ಕಾಣುತ್ತೆ!"