ಗೌರಿಬಿದನೂರಿನ ತಂತಿಗೆ ಸಿಕ್ಕ ಕಪ್ಪುಕುಳಿ

ಹತ್ತಿರ ಸುಳಿದದ್ದನ್ನೆಲ್ಲ ಕಪ್ಪುಕುಳಿ ನುಂಗಿಬಿಡುತ್ತದೆ ಎಂದುಕೊಳ್ಳುತ್ತೇವೆ. ಆದರೆ ಅನಿಲಕ್ಕೆ ಅಲ್ಲಿಗೆ ತಲುಪುವುದೇ ದೊಡ್ಡ ಪಾಡು. ಗ್ಯಾಲಕ್ಸಿಯ ಜೊತೆ ಅದೂ ಸುತ್ತುತ್ತಿರುತ್ತದೆ. ಆ ಕೋನೀಯ ಸಂವೇಗವನ್ನು ಕಳೆದುಕೊಳ್ಳದೆ ಒಳಗಿಳಿಯಲಾರದು. ಎನ್‌ಜಿಸಿ 1097ರಂಥ ನೆರೆಯ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳ ಉದ್ದನೆಯ ಪಟ್ಟಿಯೊಂದು ಅನಿಲದ ಓಟವನ್ನು ತಡೆದು ಕೇಂದ್ರದತ್ತ ತಳ್ಳುತ್ತದೆ. ಕೊನೆಯ ಹಂತದಲ್ಲಿ ಅನಿಲ ತಟ್ಟೆಯಾಗಿ ಹರಡಿ, ಕಾಂತಕ್ಷೇತ್ರಗಳ ಎಳೆದಾಟದಲ್ಲಿ ಕಾದು, ಮೆಲ್ಲಗೆ ಇಳಿಯುತ್ತದೆ. ಕೆಲವೆಡೆ ಒಂದು ಪಾಲು ಒಳಹೋಗದೆ ಬೆಳಕಿನ ವೇಗಕ್ಕೆ ಸಮೀಪದ ಧಾರೆಗಳಾಗಿ ಹೊರಚಿಮ್ಮುತ್ತದೆ.

ಆ ಧಾರೆಯ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ರೇಡಿಯೊ ಅಲೆ ಸೂಸುತ್ತವೆ. ಹೆಚ್ಚು ಶಕ್ತಿಯವು ಬೇಗ ದಣಿಯುತ್ತವೆ. ಕಡಿಮೆ ಶಕ್ತಿಯವು ಕೋಟ್ಯಂತರ ವರ್ಷ ಬಾಳುತ್ತವೆ, ಆದರೆ ಅಲೆ ಸೂಸುವುದು ಕಡಿಮೆ ಕಂಪನಾಂಕದಲ್ಲಿ ಮಾತ್ರ. ಕಪ್ಪುಕುಳಿಯ ಹಳೆಯ ಊಟದ ಲೆಕ್ಕ ಬೇಕಿದ್ದರೆ ಅಲ್ಲಿಯೇ ಕಿವಿಗೊಡಬೇಕು.

ಗೌರಿಬಿದನೂರಿನ ಬಯಲಿನಲ್ಲಿ 1976ರಲ್ಲಿ ಶುರುವಾದದ್ದು ಈ ಕೆಲಸ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಅಲ್ಲಿ 34.5 ಮೆಗಾಹರ್ಟ್ಸ್‌ನ ದೂರದರ್ಶಕ ಕಟ್ಟಿದವು. ಬೋಗುಣಿಯಿಲ್ಲ, ತಿರುಗುವ ಯಂತ್ರವಿಲ್ಲ. ‘ಟಿ’ ಆಕಾರದಲ್ಲಿ 1,000 ಡೈಪೋಲ್ ಆಂಟೆನಾಗಳು: ಪೂರ್ವ-ಪಶ್ಚಿಮದ 1.4 ಕಿ.ಮೀ. ತೋಳಿನಲ್ಲಿ 640, ದಕ್ಷಿಣದ ತೋಳಿನಲ್ಲಿ 360. ಸಾಲುಗಳ ಸಂಕೇತಕ್ಕೆ ಅಳೆದು ತೂಗಿ ವಿಳಂಬ ಕೂಡಿಸಿದರೆ ನೋಟ ಉತ್ತರಕ್ಕೋ ದಕ್ಷಿಣಕ್ಕೋ ವಾಲುತ್ತದೆ. ಉಳಿದ ಆಕಾಶವನ್ನು ಭೂಮಿಯ ತಿರುಗಾಟವೇ ಎದುರಿಗೆ ತಂದು ನಿಲ್ಲಿಸುತ್ತದೆ.

ಕಸುಬಿನ ಜೀವ ಇರುವುದು ಈ ಕೂಡಿಸುವಿಕೆಯಲ್ಲಿ. ಅಲೆಯ ಉದ್ದ ಸುಮಾರು 8.7 ಮೀಟರ್. ಒಂದು ಸಂಕೇತದ ದಾರಿ ಅರ್ಧ ಅಲೆಯಷ್ಟು ಹೆಚ್ಚಾದರೂ ಅದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಎರಡೂ ಅಳಿಸಿಹೋಗುತ್ತವೆ. ಶಿಡ್ಲಘಟ್ಟದಲ್ಲಿ ಹಲವು ಗೂಡುಗಳ ಎಳೆ ಸೇರಿಸಿ ರೇಷ್ಮೆ ನೂಲು ತೆಗೆಯುವವರಿಗೆ ಇರುವಷ್ಟೇ ನಿಗಾ ಇಲ್ಲೂ ಬೇಕು.

ಖಗೋಳವಿಜ್ಞಾನಿಗಳಾದ ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಆಕಾಶನಕ್ಷೆ ಈ ತಾಳ್ಮೆಯ ಫಲ. ಅದರ ಪ್ರಖರ ಬೊಟ್ಟುಗಳಲ್ಲೊಂದು ವರ್ಗೊ ಎ, ಅಂದರೆ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ87 ಗ್ಯಾಲಕ್ಸಿ. ಅದರ ನಡುವಿನ 650 ಕೋಟಿ ಸೂರ್ಯರಷ್ಟು ಭಾರದ ಕಪ್ಪುಕುಳಿಯ ಚಿತ್ರವನ್ನೇ 2019ರಲ್ಲಿ ನಾವೆಲ್ಲ ಕಂಡದ್ದು. ಗೌರಿಬಿದನೂರಿಗೆ ಬೊಟ್ಟಿನ ಒಳವಿವರ ಕಾಣದು, ಪ್ರಖರತೆಯಷ್ಟೇ ಸಿಗುತ್ತದೆ. ಅದನ್ನು ಹೆಚ್ಚಿನ ಕಂಪನಾಂಕಗಳ ಅಳತೆಯ ಪಕ್ಕದಲ್ಲಿಟ್ಟರೆ ಎಲೆಕ್ಟ್ರಾನುಗಳ ವಯಸ್ಸು ಅಂದಾಜಿಗೆ ಬರುತ್ತದೆ. 2012ರಲ್ಲಿ ಯುರೋಪಿನ ಲೋಫಾರ್ ದೂರದರ್ಶಕ ಎಂ87ರ ಧಾರೆಗಳು ಹರಡಿದ ರೇಡಿಯೊ ಮೋಡಗಳಿಗೆ ಸುಮಾರು 4 ಕೋಟಿ ವರ್ಷ ಎಂದು ಲೆಕ್ಕ ಹಾಕಿತು. ಲೋಫಾರ್ ಕೂಡ ಬಯಲಿನಲ್ಲಿ ನೆಟ್ಟ ಸರಳ ಆಂಟೆನಾಗಳನ್ನು ಕೂಡಿಸಿ ಕೇಳುವ ದೂರದರ್ಶಕವೇ.