ಮಲ್ಲಿಗೆ ಬಾಡುವ ಮೊದಲು: ಭಟ್ಕಳ, ಹೊನ್ನಾವರ, ಕುಮಟಾಗಳ ಜಾಲತಾಣ ಪ್ರಚಾರ ಉದ್ಯಮ

ಸರಕು ಬೆಳೆಯುವ ಊರು ಒಂದಾದರೆ ಅದಕ್ಕೆ ಹೆಸರು ತರುವ ಊರು ಇನ್ನೊಂದಾಗಬಹುದು ಎಂಬುದಕ್ಕೆ ಉತ್ತರ ಕನ್ನಡದ ಬಂದರುಗಳ ಇತಿಹಾಸದಲ್ಲಿ ಒಳ್ಳೆಯ ಸಾಕ್ಷಿಯಿದೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋದಾಗ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ಕುಮಟಾದ ಮಣ್ಣನ್ನೇ ಕಾಣದ ಆ ಹತ್ತಿ ಪೇಟೆಯಲ್ಲಿ ಮಾತ್ರ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಅದಕ್ಕೂ ಶತಮಾನಗಳ ಹಿಂದೆ ವಿಜಯನಗರಕ್ಕೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳದಲ್ಲಿ ಬಂದಿಳಿಯುತ್ತಿದ್ದವು, ಗೇರುಸೊಪ್ಪೆಯ ಕಾಳುಮೆಣಸು ಪೋರ್ಚುಗೀಸರನ್ನು ಹೊನ್ನಾವರದವರೆಗೆ ಎಳೆದು ತಂದಿತ್ತು. ಹೆಸರನ್ನು ದೂರಕ್ಕೆ ಮುಟ್ಟಿಸುವ ಕೆಲಸವೇ ಒಂದು ವ್ಯಾಪಾರ ಎಂಬ ಅರಿವು ಈ ತೀರಕ್ಕೆ ಹಳೆಯದು. ಸಾಮಾಜಿಕ ಜಾಲತಾಣ ಪ್ರಚಾರ, ಅಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್, ವಾಟ್ಸ್‌ಆ್ಯಪ್‌ಗಳ ಮೂಲಕ ಅಂಗಡಿಯನ್ನೋ ಹೋಮ್‌ಸ್ಟೇಯನ್ನೋ ಸರಕನ್ನೋ ಗಿರಾಕಿಗೆ ಪರಿಚಯಿಸಿ ಅದಕ್ಕೆ ಶುಲ್ಕ ಪಡೆಯುವ ಉದ್ಯಮ, ಆ ಸರಣಿಯಲ್ಲಿ ತೀರ ಇತ್ತೀಚಿನದು.

ಇದಕ್ಕೆ ಸ್ಥಳೀಯವಾದ ಪೂರ್ವಜರೂ ಇದ್ದಾರೆ. ಯಕ್ಷಗಾನದ ಮೇಳ ಊರಿಗೆ ಬಂದರೆ ಸಂಜೆಯ ಹೊತ್ತಿಗೆ ಚೆಂಡೆಯ ಮೇಲೆ ‘ಕೇಳಿ’ ಬಾರಿಸಿ ಆಟವಿದೆಯೆಂದು ಸುತ್ತಲಿನ ಕೇರಿಗಳಿಗೆ ತಿಳಿಸುವುದಿತ್ತು. ಡೇರೆ ಮೇಳಗಳ ಕಾಲದಲ್ಲಿ ಜೀಪಿಗೆ ಮೈಕು ಕಟ್ಟಿಕೊಂಡು ಪ್ರಸಂಗದ ಹೆಸರನ್ನೂ ಕಲಾವಿದರ ಹೆಸರನ್ನೂ ಕೂಗುತ್ತ ಕರಪತ್ರ ತೂರುತ್ತಿದ್ದರು. ಯಾರು ಪದ್ಯಕ್ಕಾಗಿ ಬರುತ್ತಾರೆ, ಯಾರು ವೇಷಕ್ಕಾಗಿ, ಯಾರು ಹಾಸ್ಯಕ್ಕಾಗಿ ಎಂಬುದು ಆ ಕರಪತ್ರ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಇಂದು ‘ಟಾರ್ಗೆಟಿಂಗ್’ ಎಂದು ಕರೆಯಲಾಗುವ, ನಿರ್ದಿಷ್ಟ ಊರು, ವಯಸ್ಸು, ಆಸಕ್ತಿಯವರಿಗಷ್ಟೇ ಜಾಹೀರಾತು ಕಾಣುವಂತೆ ಮಾಡುವ ವಿಧಾನದ ತಿರುಳು ಅದಕ್ಕಿಂತ ಬಹಳ ಬೇರೆಯಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾಗಿ ಮೊಬೈಲ್ ಡೇಟಾ ಅಗ್ಗವಾದ ಮೇಲೆ ಈ ಕಸುಬಿಗೆ ನೆಲೆ ಸಿಕ್ಕಿತು. 2018ರ ಜನವರಿಯಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು: ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸ್‌ಆ್ಯಪ್ ಬಿಸಿನೆಸ್ ಹೊರಬಂತು, ಅದೇ ತಿಂಗಳು ಫೇಸ್‌ಬುಕ್ ತನ್ನ ಲೆಕ್ಕಾಚಾರ ಬದಲಿಸಿ ಅಂಗಡಿ, ಸಂಸ್ಥೆಗಳ ಪುಟಗಳಿಗಿಂತ ಬಂಧುಮಿತ್ರರ ಬರಹಗಳಿಗೆ ಹೆಚ್ಚು ಜಾಗ ಕೊಡುವುದಾಗಿ ಪ್ರಕಟಿಸಿತು. ಪುಕ್ಕಟೆಯಾಗಿ ಜನರನ್ನು ಮುಟ್ಟುವ ದಾರಿ ಕಿರಿದಾದಾಗ ದುಡ್ಡು ಕೊಟ್ಟು ಮುಟ್ಟುವ ದಾರಿಯನ್ನು ಬಲ್ಲವರ ಅಗತ್ಯ ಬಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದ್ದು ಇನ್ನೊಂದು ಪಾಠವಾಯಿತು: ವರ್ಷಗಟ್ಟಲೆ ದುಡಿದು ಕೂಡಿಸಿದ ಅನುಯಾಯಿಗಳು ಬೆಳಗಾಗುವುದರೊಳಗೆ ಇಲ್ಲವಾಗಬಹುದು, ಏಕೆಂದರೆ ಜಾಲತಾಣದ ಜಾಗ ಬಾಡಿಗೆಯದೇ ಹೊರತು ಸ್ವಂತದ್ದಲ್ಲ.

ಸಣ್ಣ ಪಟ್ಟಣಗಳಲ್ಲಿ ಈ ಉದ್ಯಮಕ್ಕೆ ಬರುವವರ ಹಾದಿ ಸಾಮಾನ್ಯವಾಗಿ ಡಿಟಿಪಿ ಅಂಗಡಿ, ಫ್ಲೆಕ್ಸ್ ಮುದ್ರಣ ಅಥವಾ ಮದುವೆಯ ವಿಡಿಯೊ ಕೆಲಸದಿಂದ ಶುರುವಾಗುತ್ತದೆ. ಹಬ್ಬದ ಶುಭಾಶಯದ ಪೋಸ್ಟರ್ ಮಾಡಿಸಿಕೊಂಡ ಅಂಗಡಿಯವರು ಪುಟವನ್ನೂ ನೋಡಿಕೊಳ್ಳಿ ಎಂದು ಹೇಳಿದಲ್ಲಿಗೆ ತಿಂಗಳ ಶುಲ್ಕದ ಮೊದಲ ಒಪ್ಪಂದ ಕುದುರುತ್ತದೆ. ಅಲ್ಲಿಂದ ಮುಂದೆ ತೊಡಕಾಗುವುದು ಕ್ಯಾಮೆರಾ ಅಲ್ಲ, ಲೆಕ್ಕ. ಪ್ರಚಾರಕರ ಶುಲ್ಕ ಬೇರೆ, ಜಾಹೀರಾತಿಗಾಗಿ ಜಾಲತಾಣದ ಕಂಪನಿಗೆ ಕಟ್ಟುವ ಹಣ ಬೇರೆ, ಅದರ ಮೇಲೆ ಶೇ 18ರ ಜಿಎಸ್‌ಟಿ ಬೇರೆ ಎಂಬುದನ್ನು ಮೊದಲ ದಿನವೇ ಬಿಡಿಸಿ ಹೇಳದಿದ್ದರೆ ಮೂರನೆಯ ತಿಂಗಳಿಗೆ ಮನಸ್ತಾಪ ಖಚಿತ. ಪುಟದ ಒಡೆತನ ಅಂಗಡಿಯ ಹೆಸರಿನಲ್ಲೇ ಇರುವಂತೆ ನೋಡಿಕೊಳ್ಳುವುದು ಈ ಕಸುಬಿನ ಪ್ರಾಮಾಣಿಕತೆಯ ಮೊದಲ ಗುರುತೆನ್ನಬೇಕು. ಪಾಸ್‌ವರ್ಡನ್ನು ಒತ್ತೆಯಿಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುವುದು ವ್ಯಾಪಾರವಾಗಲಾರದು.

ಭಾಷೆಯ ಪ್ರಶ್ನೆ ಇಲ್ಲಿ ಬೇರೆಡೆಗಿಂತ ಜಟಿಲವಾಗಿದೆ. ಭಟ್ಕಳದ ಪೇಟೆಯಲ್ಲಿ ಕನ್ನಡ, ಉರ್ದು, ಕೊಂಕಣಿಗಳ ಜೊತೆಗೆ ಅರಬ್ಬೀ-ಪಾರಸಿ ಲಿಪಿಯಲ್ಲಿ ಬರೆಯಲಾಗುವ ನವಾಯತಿಯೂ ಇದೆ, ಹೊನ್ನಾವರ ಮತ್ತು ಕುಮಟಾಗಳಲ್ಲಿ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡಗಳ ಬನಿಯೇ ಬೇರೆ. ರಂಜಾನ್ ತಿಂಗಳಲ್ಲಿ ಭಟ್ಕಳದ ಒಂದು ಬಟ್ಟೆ ಅಂಗಡಿಯ ಜಾಹೀರಾತನ್ನು ಯೋಚಿಸಿದರೆ ಇದು ಸ್ಪಷ್ಟವಾಗುತ್ತದೆ: ಬಟ್ಟೆ ತೊಡುವವರು ಭಟ್ಕಳದಲ್ಲಿ, ದುಡ್ಡು ಕಳಿಸುವವರು ದುಬೈಯಲ್ಲಿ. ಆದ್ದರಿಂದ ನಕ್ಷೆಯಲ್ಲಿ ಪಟ್ಟಣದ ಸುತ್ತ ಇಷ್ಟು ಕಿಲೋಮೀಟರ್ ಎಂದು ವರ್ತುಲ ಎಳೆದು ಒಂದು ಜಾಹೀರಾತನ್ನು, ಕೊಲ್ಲಿಯ ನಗರಗಳನ್ನು ಆರಿಸಿ ಇನ್ನೊಂದನ್ನು ಹೂಡಬೇಕಾಗುತ್ತದೆ, ಮತ್ತು ಎರಡರ ಮಾತೂ ಬೇರೆಯಾಗಿರಬೇಕಾಗುತ್ತದೆ. ಇದಕ್ಕಿಂತ ಅಗ್ಗದ ದಾರಿ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ; ಅದರಲ್ಲಿ ಒಂದು ಪಟ್ಟಿಗೆ 256 ಜನರ ಮಿತಿಯಿದೆ, ಮೇಲಾಗಿ ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. ಈ ಷರತ್ತು ಗಮನಿಸತಕ್ಕದ್ದು, ಏಕೆಂದರೆ ಹತ್ತು ಸಾವಿರ ಅನುಯಾಯಿಗಳಿಗಿಂತ ನಂಬರು ಉಳಿಸಿಕೊಂಡ ಇನ್ನೂರು ಮನೆಗಳೇ ಸಣ್ಣ ಪೇಟೆಯಲ್ಲಿ ನಿಜವಾದ ಆಸ್ತಿ.

ಹೀಗಿದ್ದರೂ ಈ ತೀರದಲ್ಲಿ ಪ್ರಚಾರಕರ ಕಠಿಣ ಪರೀಕ್ಷೆ ನಡೆಯುವುದು ಸರಕಿನ ಅಳತೆಯ ವಿಷಯದಲ್ಲಿ. ಭಟ್ಕಳದ ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ಬೆಳಗಿನ ಜಾವ ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಅಂದೇ ಮಾರಬೇಕು; ದರ ದಿನದಿನಕ್ಕೂ ಏರಿಳಿಯುತ್ತದೆ, ಸಂಜೆಯ ಹೊತ್ತಿಗೆ ನೋಡಿದ ಜಾಹೀರಾತಿನಿಂದ ಬೆಳೆಗಾರ್ತಿಗೆ ಏನೂ ಒದಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಳೆಗಾಲದಲ್ಲಿ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗಿಗೂ ಬಿಡುವು. ಹೊನ್ನಾವರದ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛತೆ, ಸುರಕ್ಷತೆಗಳ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಅದನ್ನು ಕಾಯ್ದುಕೊಳ್ಳುವುದು ತೀರಕ್ಕೆ ಬರುವ ಜನರ ನಡವಳಿಕೆಯನ್ನೂ ಅವಲಂಬಿಸಿದೆ. 2024ರ ಡಿಸೆಂಬರ್‌ನಲ್ಲಿ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ಸಮುದ್ರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಮೃತಪಟ್ಟರು, ಕೆಲಕಾಲ ಕಡಲತೀರಕ್ಕೆ ಪ್ರವೇಶ ಬಂದಾಯಿತು. ತೀರ ಮುಚ್ಚಿದಾಗ ಹಳೆಯ ರೀಲ್ ತಾನಾಗಿ ಮುಚ್ಚುವುದಿಲ್ಲ. ಅಲೆಯೊಳಗೆ ನಿಂತು ನಗುವ ಹುಡುಗರ ದೃಶ್ಯವನ್ನು ಪ್ರಚಾರಕ್ಕೆ ಬಳಸಿದವರು ಅದನ್ನು ತೆಗೆಯಬೇಕು, ಎಲ್ಲಿ ಇಳಿಯಬಾರದು ಎಂಬುದನ್ನು ಅಷ್ಟೇ ಒತ್ತಿ ಹೇಳಬೇಕು. ಕಡಲು ಕಂಡರಿಯದ ಬಯಲುಸೀಮೆಯ ಮಕ್ಕಳನ್ನು ಕರೆಯುವವರಿಗೆ ಇದು ಹೆಚ್ಚುವರಿ ಸೇವೆಯಲ್ಲ, ಕೆಲಸದ ಭಾಗವೇ.

ಕಾನೂನು ಕೂಡ ಈ ದಿಕ್ಕಿನಲ್ಲಿ ಸ್ವಲ್ಪ ಸಾಗಿದೆ. ಹಣ, ಉಡುಗೊರೆ ಅಥವಾ ಪುಕ್ಕಟೆ ವಾಸ್ತವ್ಯ ಪಡೆದು ಹೊಗಳಿದರೆ ಅದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಅಳತೆಯರಿತ ಪ್ರಚಾರ ಹೇಗಿರಬಹುದೆಂಬುದನ್ನು ಕುಮಟಾ ತಾಲ್ಲೂಕಿನ ಕಗ್ಗ ಭತ್ತದ ಉದಾಹರಣೆಯಿಂದ ನೋಡಬಹುದು. 2024ರ ಜನವರಿಯಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ, ಸೇರಿದ ಅಘನಾಶಿನಿ ಅಳಿವೆಯ ‘ಗಜನಿ’ ಎಂಬ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಂಡು ಬೆಳೆಯುವ ಈ ಕೆಂಪಕ್ಕಿಯ ತೆನೆಗೆ ಉದ್ದನೆಯ ಮೀಸೆಯಿರುತ್ತದೆ, ಗೊಬ್ಬರ, ಕೀಟನಾಶಕಗಳ ಹಂಗಿಲ್ಲ, ಬೆಳೆ ಮಾತ್ರ ಕಡಿಮೆ. ಬೆಂಗಳೂರಿನ ಲಕ್ಷ ಜನರಿಗೆ ಅದನ್ನು ತೋರಿಸುವುದು ಒಂದು ಮಧ್ಯಾಹ್ನದ ಕೆಲಸ, ಲಕ್ಷ ಜನರಿಗೆ ಅಕ್ಕಿ ಕೊಡುವುದು ಆಗದ ಮಾತು. ಆ ಒತ್ತಡದಲ್ಲಿ ಬೇರೆ ಅಕ್ಕಿ ಕಗ್ಗದ ಹೆಸರಿನಲ್ಲಿ ಚೀಲ ಸೇರುವ ಅಪಾಯವೂ ಇದೆ. ಕೆಲಸ ಬಲ್ಲ ಪ್ರಚಾರಕರು ಮೊದಲು ಕಣಜದಲ್ಲಿರುವ ಮೂಟೆಗಳನ್ನು ಎಣಿಸಿಕೊಂಡು ಅಷ್ಟಕ್ಕೆ ತಕ್ಕಷ್ಟೇ ಜಾಹೀರಾತು ಹೂಡುತ್ತಾರೆ, ಕೊನೆಯ ಮೂಟೆ ಹೋದ ದಿನ ಅದನ್ನು ನಿಲ್ಲಿಸುತ್ತಾರೆ, ಆಮೇಲೂ ಕೇಳಿ ಬಂದವರ ಹೆಸರು, ನಂಬರುಗಳನ್ನು ಮುಂದಿನ ಕೊಯ್ಲಿಗೆಂದು ಬರೆದು ರೈತರ ಕೈಗೆ ಕೊಡುತ್ತಾರೆ.